ಮುಚ್ಚಳದ ಮೇಲೆ ಕೂತು ಬರೆದದ್ದು

ಸಾಗರ, ಏಪ್ರಿಲ್ ೧೯೬೪

ಆನಂದಪುರದ ಬಾವಿ ತೋಡುವ ಜಟ್ಟಿಂಗಪ್ಪನವರಿಗೆ, ಕರೆಂಟು ಯಾರ್ಡಿನ ಸೂಪರ್‌ವೈಸರ್ ನಾರಾಯಣಮೂರ್ತಿಯ ನಮಸ್ಕಾರ.

ನಿಮ್ಮ ಮಗಳು ಶರಾವತಿ ಇದನ್ನು ಜೋರಾಗಿ ಓದಲಿ, ಒಂದು ಸಾಲನ್ನೂ ಬಿಡದಿರಲಿ. ಯಾರ್ಡಿನಲ್ಲಿ ನಿಮ್ಮನ್ನು ಏಕವಚನದಲ್ಲಿ ಕೂಗುತ್ತಿದ್ದೆ. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಬಂದಿಳಿದ ಎರಡನೆಯ ಟ್ರಾನ್ಸ್‌ಫಾರ್ಮರಿನ ಮುಚ್ಚಳದ ಮೇಲೆ ಕೂತಿದ್ದೇನೆ. ಕೆಳಗೆ ಹೂವಪ್ಪ ಸ್ಪ್ಯಾನರ್ ಹಿಡಿದು ಕಾಯುತ್ತಿದ್ದಾನೆ, ಹೋದ ವಾರ ನಿಮ್ಮ ಜಾಗಕ್ಕೆ ಸೇರಿದವನು. ನಾನು ಎದ್ದರೆ ಮುಚ್ಚಳ ತೆಗೆದು, ಒಳಗಿನ ಬೋಲ್ಟು ಬಿಗಿಯಲು ಇಳಿಯುವವನು ಅವನೇ. ಎಂಜಿನಿಯರ್ ಸಾಹೇಬರು ಎರಡು ಸಲ ಗದರಿ ಹೋದರು.

ಮೊದಲನೆಯದರ ಮುಚ್ಚಳ ತೆಗೆದ ದಿನ ನೆನಪಿದೆಯಲ್ಲ? ಕೆಟ್ಟ ಗಾಳಿ ಇದೆಯೇ ಎಂದು ಬಾವಿಗೆ ಬಿಡುವಂತೆ ಅದರ ಟ್ಯಾಂಕಿನೊಳಗೂ ದೀಪ ಬಿಟ್ಟು ನೋಡೋಣ ಎಂದಿರಿ. ಎಣ್ಣೆ ಸವರಿದ ಕಡೆ ಬೆಂಕಿ ಕೂಡದು ಎಂದೆ. ಆ ಮಾತೊಂದು ಸರಿ. ಆಮೇಲೆ ಆಡಿದ್ದೆಲ್ಲ ಓದಿದವನ ಕೊಬ್ಬು. ಸಾಗಿಸುವಾಗ ತೇವ ತಾಗದಿರಲೆಂದು ಒಳಗೆ ತುಂಬಿದ್ದು ನೈಟ್ರೋಜನ್, ಅದು ಉರಿಯುವುದಿಲ್ಲ, ವಿಷವಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅದೇ ಎಂದು ಪಾಠ ಮಾಡಿದೆ. ನೀವು ತೊಲೆಗೆ ನಿಮ್ಮ ಬಾವಿಯ ರಾಟೆ ಕಟ್ಟಿ, ಹಗ್ಗವನ್ನು ನನ್ನ ಎದೆಗೆ ಬಿಗಿದಿರಿ.

"ಅಯ್ಯಾ, ಇಳ್ದೋರು ಓ ಅಂತಾನೇ ಇರ್ಬೇಕು. ಓ ನಿಂತ್ರೆ ನಾ ಎಳೀತೀನಿ. ನಿಮ್ಮ ಹಿಂದೆ ಒಳಕ್ಕೆ ಮಾತ್ರ ಹಾರಲ್ಲ, ಹಾರಿದ್ರೆ ಎರಡು ಹೆಣ."

ನಾನು ನಕ್ಕು ಇಳಿದೆ. ಒಂದು ಓ ಅಂದೆ. ಎರಡನೆಯದು ಬಾಯಿಗೆ ಬರಲಿಲ್ಲ. ಕೆಮ್ಮಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿದಂತೆಯೂ ಆಗಲಿಲ್ಲ. ಗಾಳಿಯ ಆ ಐದನೆಯ ಪಾಲು, ಆಮ್ಲಜನಕ, ಅಲ್ಲಿರಲಿಲ್ಲ, ಅಷ್ಟೆ. ಕಣ್ಣು ಬಿಟ್ಟಾಗ ತೋಳು ಕೀಲು ತಪ್ಪಿತ್ತು, ನಿಮ್ಮ ಅಂಗೈ ಹಗ್ಗಕ್ಕೆ ಸುಲಿದಿತ್ತು.

ಆ ಕೈಗೆ ನಾನು ಕೊಟ್ಟದ್ದೇನು? ಕೆಲಸಗಾರ ದೀಪ ಹಚ್ಚಲು ಹೋದ, ತಡೆಯುವಾಗ ಜಾರಿ ಬಿದ್ದೆ ಎಂದು ರಿಪೋರ್ಟು ಬರೆದೆ. ನಿಮ್ಮನ್ನು ಮನೆಗೆ ಕಳಿಸಿದರು. ಉಂಡ ಮನೆಯ ಜಂತೆ ಎಣಿಸಿದೆ. ನಾಚಿಕೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಈಗ ಹೆದರಿಕೆಯಾಗುತ್ತಿದೆ, ಯಾಕೆಂದರೆ ಹೂವಪ್ಪ ಆ ರಿಪೋರ್ಟನ್ನೇ ನಂಬಿದ್ದಾನೆ. "ಒಳಗಿರೋದು ಬರೀ ಗಾಳಿ ಅಂತಲ್ವಾ ಸ್ವಾಮಿ, ಐದ್ ನಿಮಿಷದ ಕೆಲ್ಸ" ಅನ್ನುತ್ತಾನೆ.

ಬೆಳಿಗ್ಗೆ ನಿಜವನ್ನು ಬರೆದು ಕೊಟ್ಟೆ. ಎಲ್ಲ ಮುಚ್ಚಳ ತೆಗೆದು ಒಣಗಾಳಿ ಹಾಯಿಸಬೇಕು, ಮೀಟರಿನಲ್ಲಿ ಆಮ್ಲಜನಕ ಅಳೆಯಬೇಕು, ಅಲ್ಲಿಯವರೆಗೆ ಯಾರೂ ತಲೆ ಹಾಕಕೂಡದು, ಆಮೇಲೂ ಸೊಂಟಕ್ಕೆ ಹಗ್ಗ, ಮೇಲೊಬ್ಬ ಆಳು ಇರಲೇಬೇಕು ಎಂದೆ. ಸಾಹೇಬರು ನಂಬಲಿಲ್ಲ. ಮೀಟರು ಬರಲು ಮೂರು ದಿನ ಬೇಕಂತೆ, ಅಷ್ಟು ಕಾಯುವುದಿಲ್ಲವಂತೆ. "ಯಾವ್ದು ಸುಳ್ಳು, ಆವತ್ತಿನ್ ರಿಪೋರ್ಟಾ ಇವತ್ತಿಂದಾ? ಕಂಡೋನು ಇದ್ರೆ ಕರ್ಸು" ಎಂದರು. ಕಂಡವರು ನೀವೊಬ್ಬರೇ.

ಸಾಗರದ ಬಸ್ಸಿನ ಕಂಡಕ್ಟರ್ ಈ ಕಾಗದ ತರುತ್ತಾನೆ. ಅದೇ ಬಸ್ಸು ಮಧ್ಯಾಹ್ನ ತಿರುಗಿ ಬರುತ್ತದೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೋಡಬೇಡಿ, ಹೂವಪ್ಪನಿಗಾಗಿ ಬನ್ನಿ. ರಾಟೆ ತನ್ನಿ. ನನ್ನ ಕೆಲಸ ಹೋದರೆ ಹೋಗಲಿ, ಅದು ನನಗೆ ಬರಬೇಕಾದದ್ದೇ. ಗೇಟಿಗೆ ಬಂದವರು ಒಂದು ಸಲ ಓ ಅನ್ನಿ. ಅಲ್ಲಿಯವರೆಗೆ ನಾನು ಇಲ್ಲಿಂದ ಏಳುವುದಿಲ್ಲ.

ಸುಲಿದ ಆ ಕೈಗಳನ್ನು ದೇವರು ಚೆನ್ನಾಗಿಟ್ಟಿರಲಿ.

ನೀವು ಎಳೆದು ಉಳಿಸಿದವನು,
ನಾರಾಯಣಮೂರ್ತಿ