ಹನ್ನೊಂದನೇ ಮಂಚ, ಆರರಿಂದ ನಾಲ್ಕರವರೆಗೆ

ತ್ಯಾವಣಿಗೆ, ೧೯೮೩ರ ಮೇ ೯

ಮಾನ್ಯ ಆಸ್ಪತ್ರೆ ತಪಾಸಣಾಧಿಕಾರಿಗಳೇ,

ಈಗ ಸಂಜೆ ಆರು ಗಂಟೆ. ಮಧ್ಯಾಹ್ನ ನಿಮ್ಮ ನೋಟೀಸು ಬಂತು. ನನ್ನ ಯಜಮಾನರು ಷಣ್ಮುಖಪ್ಪನವರು ಬೆನ್ನುಹುಣ್ಣಿನ ನಂಜೇರಿ ತೀರಿಕೊಂಡಿದ್ದಕ್ಕೆ ನರ್ಸ್ ಶಹರಬಾನು ಅವರ ನಿರ್ಲಕ್ಷ್ಯವೇ ಕಾರಣವೆಂದು ನಾಳಿನ ವಿಚಾರಣೆಯಲ್ಲಿ ನಾನು ಹೇಳಿಕೆ ಕೊಡಬೇಕಂತೆ. ಅವರನ್ನು ಆಗಲೇ ಅಮಾನತು ಮಾಡಿದ್ದೀರಿ. ನಾನು ಆ ಹೇಳಿಕೆ ಕೊಡುವುದಿಲ್ಲ. ಹುಣ್ಣು ಎದ್ದದ್ದು ನೀವು ಬಂದ ದಿನ. ನಿಮ್ಮ ಕಚೇರಿಯಲ್ಲಿ ಯಾರೂ ಕಿವಿಗೊಡಲಿಲ್ಲ, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸು. ದಿನಾ ನಾಲ್ಕು ಸಾಲು ಬರೆದಿಡುವ ಅಭ್ಯಾಸವಿದೆ. ಯಜಮಾನರು ಹುಣಸೆಮರದಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಆಸ್ಪತ್ರೆ ಸೇರಿದ ದಿನವೇ ಶಹರಬಾನು ಸಿಸ್ಟರ್ ಹೇಳಿದ್ದರು: “ಅಕ್ಕಾ, ಮೂವತ್ತೆಂಟು ಮಂಚಕ್ಕೆ ನಾನೊಬ್ಳೇ ಇದೀನಿ. ಎರಡು ತಾಸಿಗೊಮ್ಮೆ ಇವರ ಮಗ್ಗುಲು ಬದಲಾಯಿಸಬೇಕು, ಇಲ್ಲಂದ್ರೆ ಬೆನ್ನು ಕೊಳೀತೈತೆ. ಬರ್ರಿ, ಹೆಂಗೆ ಅಂತ ತೋರಿಸ್ತೀನಿ.” ಅವರು ಹೆಗಲು ಹಿಡಿದರು, ನಾನು ಸೊಂಟ. ಯಜಮಾನರಿಗೆ ಆಗಲೂ ತಮಾಷೆ. “ರೊಟ್ಟಿ ಮಗುಚಿದಂಗೆ ಮಗುಚ್ತೀರಲ್ರೀ, ಬೆಂದೀನೇನು ನೋಡ್ರಿ.” “ಇನ್ನೊಂದು ಕಡೆ ಹಸಿ ಐತಣ್ಣಾ” ಅನ್ನುತ್ತಿದ್ದರು ಸಿಸ್ಟರ್. ಪ್ರತಿ ಸಲದ ಗಂಟೆಯೂ ಮಗ್ಗುಲೂ ನನ್ನ ಪುಸ್ತಕದಲ್ಲಿವೆ. ಇಪ್ಪತ್ತೆರಡು ದಿನ ಒಂದು ಬೊಬ್ಬೆಯೂ ಏಳಲಿಲ್ಲ.

ಇಪ್ಪತ್ತಮೂರನೇ ದಿನ ನಿಮ್ಮ ಭೇಟಿ. ಬೆಳಿಗ್ಗೆ ಆರಕ್ಕೇ ಆಸ್ಪತ್ರೆಯ ಮೇಲಿನವರು ರೋಗಿಗಳ ಕಡೆಯವರನ್ನೆಲ್ಲ ಹೊರಗೆ ಕಳಿಸಿದರು. ಮೂವತ್ತೆಂಟು ಜನರನ್ನೂ ಅಂಗಾತ ಮಲಗಿಸಿ, ಎದೆಯವರೆಗೆ ಚಾದರ ಹೊದಿಸಿ ಬಿಗಿಯಾಗಿ ಸಿಕ್ಕಿಸಿದರು. ಸಾಲು ನೆಟ್ಟಗೆ ಕಾಣಬೇಕಲ್ಲ! ಸಿಸ್ಟರನ್ನು ಆಫೀಸು ಕೋಣೆಯಲ್ಲಿ ಬಾಕಿ ರಿಜಿಸ್ಟರು ಬರೆಯಲು ಕೂರಿಸಿದರು. ಹತ್ತಕ್ಕೆ ಬರಬೇಕಿದ್ದ ನೀವು ನಾಲ್ಕಕ್ಕೆ ಬಂದಿರಿ. ಅಷ್ಟರಲ್ಲಿ ಗೇಟಿನ ಕಾವಲುಗಾರ ರಂಗಣ್ಣನನ್ನು ಮೂರು ಸಲ ಬೇಡಿಕೊಂಡೆ.

“ಒಂದೇ ಸಲ ಹೊರಳಿಸಿ ಬರ್ತೀನಿ, ಬಿಡಪ್ಪಾ.”

“ನನ್ನ ಕೆಲಸ ಹೋಗ್ತೈತೆ ತಾಯಿ. ಸಾಹೇಬ್ರು ಬಂದು ಹೋಗಲಿ.”

ಕೂಗಾಡಬಹುದಿತ್ತು, ಕೂಗಾಡಲಿಲ್ಲ. ಅದು ನನ್ನ ತಪ್ಪು, ಬೇಕಾದರೆ ಬರೆದುಕೊಳ್ಳಿ. ವಾರ್ಡಿನಲ್ಲಿ ನೀವು ನಿಂತದ್ದು ಎರಡು ನಿಮಿಷ. “ಬಹಳ ಶಿಸ್ತಾಗಿದೆ” ಎಂದಿರಂತೆ. ಅಂಗಾತ ಮಲಗಿದವರ ಬೆನ್ನು ನಿಮಗೆ ಹೇಗೆ ಕಂಡೀತು, ಸ್ವಾಮಿ?

ನೀವು ಹೋದಮೇಲೆ ಒಳಗೆ ಓಡಿ ಹೊರಳಿಸಿದೆ. ಬಾಲಮೂಳೆಯ ಮೇಲೆ ಅಂಗೈಯಗಲ ಕೆಂಪು, ನಡುವೆ ನೀಲಿ. ಅಂದಿನಿಂದ ಸಿಸ್ಟರ್ ಡ್ಯೂಟಿ ಮುಗಿದ ಮೇಲೂ ನಿಂತು ಗಾಯ ತೊಳೆದರು. ಮೂರನೇ ವಾರಕ್ಕೆ ಎಲುಬು ಕಂಡಿತು. ಜ್ವರ ಇಳಿಯಲೇ ಇಲ್ಲ.

ಒಬ್ಬ ಹೆಂಗಸನ್ನು ಮೂವತ್ತೆಂಟು ಜನರ ನಡುವೆ ಬಿಟ್ಟು, ಆಕೆಗೆ ನೆರವಾದವರನ್ನು ಹೊರಗೆ ನಿಲ್ಲಿಸಿ, ಆಕೆಯ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ಏನನ್ನುತ್ತಾರೆ? ಅದಕ್ಕೆ ಮೆಮೊ ಯಾರ ಹೆಸರಿಗೆ ಹೋಗುತ್ತದೆ?

ಅಮಾನತು ರದ್ದು ಮಾಡಿ. ಆ ವಾರ್ಡಿಗೆ ಇನ್ನಿಬ್ಬರು ನರ್ಸುಗಳನ್ನು ಕೊಡಿ. ನೀವು ಬರುವ ದಿನವೂ ರೋಗಿಗಳನ್ನು ಹೊತ್ತಿಗೆ ಸರಿಯಾಗಿ ಹೊರಳಿಸಲಿ. ಸಾಲು ಸೊಟ್ಟಗಾದರೆ ಆಗಲಿ. ವಿಚಾರಣೆಗೆ ಬಂದು ನಾನು ಹೇಳುವುದೂ ಇಷ್ಟೇ.

ಯಜಮಾನರಿದ್ದ ಹನ್ನೊಂದನೇ ಮಂಚಕ್ಕೆ ಈಗ ಜಗಳೂರು ಕಡೆಯವರೊಬ್ಬರು ಬಂದಿದ್ದಾರಂತೆ, ಗೋಡೆ ಬಿದ್ದು ಎರಡೂ ಕಾಲು ಸ್ವಾಧೀನವಿಲ್ಲ, ಜೊತೆಗೆ ಯಾರೂ ಇಲ್ಲ. ಸಿಸ್ಟರ್ ಅಮಾನತಾದಮೇಲೆ ಹಗಲು ಆ ವಾರ್ಡಿಗೆ ನರ್ಸ್ ಇಲ್ಲ. ನಾಳೆ ಅವರ ಮಗ್ಗುಲು ಬದಲಾಯಿಸುವವರು ಯಾರು?

ಇಂತಿ,
ನಿಮ್ಮಂಥವರಿಗೆ ಕೈಮುಗಿದೇ ಅಭ್ಯಾಸವಾದ
ಅನ್ನಪೂರ್ಣಮ್ಮ