ಎಂಜಿನ್ನಿನಿಂದ ವಾರಕ್ಕೊಮ್ಮೆ ಸದ್ದು ಮಾಡಿಸುವ ನಿರ್ದೇಶಕರಿಗೆ

ಮಾನ್ಯ ವಿಮಾನ ಸೇವೆಯ ನಿರ್ದೇಶಕರೇ,

ಕೊಡುತ್ತೇವೆ ಎಂದು ನೀವು ಹೇಳಿದ್ದು: ನಮ್ಮ ದ್ವೀಪದ ರೋಗಿಗಳನ್ನು ಆಚೆ ದಡದ ಆಸ್ಪತ್ರೆಗೆ ಒಯ್ಯಲು ಒಂದು ಸಣ್ಣ ವಿಮಾನ. ಅದನ್ನು ನಿಲ್ಲಿಸಲು ಬಾಗಿಲಿರುವ ಹ್ಯಾಂಗರ್. ರೋಗಿ ಇರಲಿ ಬಿಡಲಿ, ವಾರಕ್ಕೊಂದು ಸಲ ಒಂದು ಗಂಟೆಯ ಹಾರಾಟ. ಕಾಲಕಾಲಕ್ಕೆ ಹೊಸ ಎಂಜಿನ್ ಆಯಿಲ್. ಹ್ಯಾಂಗರಿನ ಗಾಳಿಯಿಂದ ತೇವ ಹೀರುವ ಯಂತ್ರ.

ಕೊಡದೆ ಹೋದದ್ದು: ಬಾಗಿಲು. ಹಾರಾಟಕ್ಕೆ ಇಂಧನ. ಆಯಿಲ್. ತೇವ ಹೀರುವ ಯಂತ್ರ. ಕೊನೆಗೆ, ಎಂಜಿನ್ನಿನ ಒಂದು ಸಿಲಿಂಡರ್ ಬಿಚ್ಚಿ ಒಳಗೆ ಏನಾಗಿದೆ ಎಂದು ನೋಡುವ ಅನುಮತಿ.

ವಿಮಾನವನ್ನಂತೂ ಕೊಟ್ಟಿರಿ. ಇಲ್ಲವೆನ್ನುವುದಿಲ್ಲ. ಕೊಟ್ಟ ಕೈಯಿಂದಲೇ ಅದರ ಕತ್ತು ಹಿಸುಕುತ್ತಿದ್ದೀರಿ ಎಂದು ಹೇಳುವುದಕ್ಕೆ ಈ ಪತ್ರ. ಖಾಸಗಿಯಾಗಿ ಬರೆದವಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಸಾಕಷ್ಟು ಬಂದಿರುವುದರಿಂದ, ಇದನ್ನು ಊರೇ ಓದಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ.

ಮೊದಲು ನಿಮ್ಮ ಸೋಮವಾರಗಳ ಮಾತು. ವಿಮಾನ ನಿಂತಲ್ಲೇ ನಿಂತಿದೆ, ಹಾರಿಸಿ ಎಂದು ದ್ವೀಪದ ಜನ ಜೆಟ್ಟಿಯ ಮೇಲೆ ಧರಣಿ ಕೂತಾಗ ನೀವೊಂದು ಆದೇಶ ಹೊರಡಿಸಿದಿರಿ. ಪ್ರತಿ ಸೋಮವಾರ ಹ್ಯಾಂಗರಿನ ಎದುರು, ಸಾರ್ವಜನಿಕರ ಸಮಕ್ಷಮ, ಹತ್ತು ನಿಮಿಷ ಎಂಜಿನ್ ಚಾಲೂ ಮಾಡತಕ್ಕದ್ದು. ಉಳಿದ ದಿನ ಬೆಳಿಗ್ಗೆ ಕಾವಲುಗಾರ ಪ್ರೊಪೆಲ್ಲರನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸತಕ್ಕದ್ದು. ಮುದುಕರ ಕೈಕಾಲು ಹಿಡಿದುಕೊಳ್ಳದಂತೆ ಅಂಗಳದಲ್ಲಿ ನಡೆಸುತ್ತಾರಲ್ಲ, ಹಾಗೆ. ಅಂದಿನಿಂದ ಸೋಮವಾರ ಬಂತೆಂದರೆ ಜನ ಸೇರುತ್ತಾರೆ. ಮಕ್ಕಳು ಹೆಗಲೇರುತ್ತವೆ. ಪ್ರೊಪೆಲ್ಲರ್ ಗಿರ್ರನೆ ತಿರುಗುತ್ತದೆ, ಟೋಪಿಗಳು ಹಾರುತ್ತವೆ, ನಿಮ್ಮ ಇಲಾಖೆಯವರು ಫೋಟೋ ತೆಗೆಯುತ್ತಾರೆ. ನಮ್ಮ ಬೀದಿಯ ಟೈಲರಮ್ಮ ಪ್ರತಿ ವಾರ ಅಂಗಡಿಗೆ ಮರಳಿ, ಇನ್ನೂ ಉಸಿರಿದೆ ಬಿಡಿ ಎಂದು ನಾಲ್ಕು ಜನಕ್ಕೆ ಸಮಾಧಾನ ಹೇಳುತ್ತಾರೆ.

ಅದು ಉಸಿರಲ್ಲ ಸ್ವಾಮಿ. ಗೊರಕೆಯೂ ಅಲ್ಲ. ಗಂಟಲಲ್ಲಿ ಗೊರಗುಡುವ ಸದ್ದು ಅದು, ಕೊನೆಯ ಹೊತ್ತಿನದು.

ಈ ಮಾತನ್ನು ನಾನು ಕನಸು ಕಂಡು ಹೇಳುತ್ತಿಲ್ಲ. ಆ ವಿಮಾನದ ಪೈಲಟ್ ನನ್ನ ಅಕ್ಕನ ಮಗಳು. ಎಂಜಿನ್ ತಯಾರಿಸಿದವರೇ ಬರೆದಿಟ್ಟ ಎಚ್ಚರಿಕೆಯನ್ನು ಅವಳು ನಿಮಗೆ ಓದಿ ಹೇಳಿದ್ದಾಳೆ, ನನಗೂ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ವಿವರಿಸಿದ್ದಾಳೆ. ಪಾತ್ರೆಯಲ್ಲಿ ನೀರಿಟ್ಟು ಮುಚ್ಚಿ, ಅರ್ಧ ಕಾಯುವಷ್ಟರಲ್ಲಿ ಒಲೆ ಆರಿಸಿದರೆ ಏನಾಗುತ್ತದೆ? ಹಬೆ ಹೊರಗೆ ಹೋಗುವುದಿಲ್ಲ, ಮುಚ್ಚಳದ ಒಳಗೇ ಹನಿಗಟ್ಟುತ್ತದೆ. ಎಂಜಿನ್ನೂ ಹಾಗೆಯೇ. ಇಂಧನ ಉರಿದಾಗ ನೀರಿನ ಹಬೆ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಆಯಿಲಿಗೆ ಸೇರುತ್ತದೆ. ಆಕಾಶದಲ್ಲಿ ಒಂದು ಗಂಟೆ ದುಡಿದರೆ ಆಯಿಲ್ ಚೆನ್ನಾಗಿ ಕಾದು ಆ ನೀರು ಆರಿಹೋಗುತ್ತದೆ. ನೆಲದ ಮೇಲೆ ಹತ್ತು ನಿಮಿಷ ಗುರುಗುಟ್ಟಿಸಿ ನಿಲ್ಲಿಸಿದರೆ ನೀರು ಒಳಗೇ ಕೂರುತ್ತದೆ, ಆಮ್ಲವಾಗುತ್ತದೆ, ಉಕ್ಕನ್ನು ತಿನ್ನುತ್ತದೆ. ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಎಂಬ ದಂಡವೊಂದು ಮೇಲ್ಭಾಗದಲ್ಲಿದೆ. ನಿಂತ ಎಂಜಿನ್ನಿನಲ್ಲಿ ಅದರ ಮೇಲಿನ ಆಯಿಲ್ ದಿನ ಕಳೆದಂತೆ ಕೆಳಗೆ ಜಾರುತ್ತದೆ. ಅಷ್ಟಿಷ್ಟು ಉಳಿದ ಪಸೆಯನ್ನು ನಿಮ್ಮ ಕಾವಲುಗಾರ, ಪಾಪ, ದಿನಾ ಬೆಳಿಗ್ಗೆ ಪ್ರೊಪೆಲ್ಲರ್ ತಿರುಗಿಸಿ ಒರೆಸಿ ತೆಗೆಯುತ್ತಾನೆ. ಬರಿಮೈ ಉಕ್ಕಿಗೆ ಕಡಲಿನ ಉಪ್ಪುಗಾಳಿ. ಇಷ್ಟು ನಿಷ್ಠೆಯಿಂದ ತುಕ್ಕನ್ನು ಸಾಕಿದ ಇಲಾಖೆ ಬೇರೊಂದು ಇದ್ದೀತೇ?

ತೇವ ಹೀರುವ ಯಂತ್ರ ಎಲ್ಲಿದೆ ಎಂದು ಊರಿನವರು ಕೇಳುತ್ತಿದ್ದಾರೆ. ಹೇಳಿಬಿಡುತ್ತೇನೆ. ನಾವು ನಿಯೋಗ ಕಟ್ಟಿಕೊಂಡು ತಮ್ಮ ಕಚೇರಿಗೆ ಬಂದ ದಿನ ಅದು ತಮ್ಮ ಸೋಫಾದ ಪಕ್ಕದಲ್ಲಿ ಗುಂಯ್‌ಗುಡುತ್ತಿತ್ತು. ನೆಲಹಾಸಿಗೆ ಬೂಸ್ಟು ಹಿಡಿಯುತ್ತದೆಂದು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದೇವೆ ಎಂದಿರಿ. ನಾವು ಕೂತಿದ್ದಾಗಲೇ ಜವಾನ ಅದರ ತೊಟ್ಟಿ ಎಳೆದು ಬಕೆಟಿಗೆ ಸುರಿದ. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ ನಿಮ್ಮ ಕೋಣೆಯ ಗಾಳಿಯಲ್ಲೇ ಒಂದು ಬಕೆಟ್ ನೀರಿದೆ. ಹಾಗಾದರೆ ಬಾಗಿಲೇ ಇಲ್ಲದ, ಅಲೆ ಸಿಡಿಯುವಷ್ಟು ಕಡಲಿಗೆ ಹತ್ತಿರದ ಹ್ಯಾಂಗರಿನಲ್ಲಿ ಎಷ್ಟಿದ್ದೀತು? ನಿಮ್ಮ ನೆಲಹಾಸು ಒಣಗಿದೆ. ಅದರ ಮೇಲೆ ಯಾರನ್ನೂ ಮಲಗಿಸಿ ಕಡಲು ದಾಟಿಸುವುದಿಲ್ಲವಲ್ಲ.

ಆದರೆ ವಿಮಾನದಲ್ಲಿ ನನ್ನ ಹೆಂಡತಿಯನ್ನು ಮಲಗಿಸಿದ್ದೆವು.

ಅವಳ ಕರುಳು ತಿರುಚಿಕೊಂಡ ದಿನ ಗಾಳಿ ಜೋರಿತ್ತು, ದೋಣಿ ಬಿಡುವ ಹಾಗಿರಲಿಲ್ಲ. ಅದೆಷ್ಟೋ ತಿಂಗಳ ಮೇಲೆ ಆ ವಿಮಾನ ನೆಲ ಬಿಟ್ಟಿತು. ಅಕ್ಕನ ಮಗಳು ಮುಂದೆ, ನಾವಿಬ್ಬರು ಹಿಂದೆ. ದ್ವೀಪ ಅಂಗೈಯಷ್ಟು ಸಣ್ಣದಾಗುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಎಂಜಿನ್ನಿನ ಸ್ವರ ಒಡೆಯಿತು. ನಿಲ್ಲಲಿಲ್ಲ, ಏರು ಹತ್ತುವ ಉಬ್ಬಸದವನ ಹಾಗೆ ಎಳೆದು ಎಳೆದು ನಡೆಯಿತು. ಎದುರು ಗಾಜಿನ ತುಂಬ ಆಕಾಶವಿದ್ದದ್ದು ನಿಧಾನವಾಗಿ ನೀರಾಗತೊಡಗಿತು. ಹುಡುಗಿ ತಿರುಗಿ ನೋಡದೆ ಒಂದೇ ಮಾತು ಹೇಳಿದಳು. “ಮಾವ, ಅತ್ತೆ ಕೈ ಹಿಡ್ಕೊಂಡು ಕೂತ್ಕೋ. ಕೆಳಗೆ ನೋಡ್ಬೇಡ. ನಾನು ವಾಪಸ್ ತಿರುಗಿಸ್ತಾ ಇದ್ದೀನಿ.”

ನಾನು ನೋಡಿದೆ. ದಡ ಬರುವಷ್ಟರಲ್ಲಿ, ಎಳೆದಿಟ್ಟ ದೋಣಿಗಳ ಪಕ್ಕ ನಿಂತ ಮೀನುಗಾರರು ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದರು. ಅವರ ಅಂಗಿಯ ಗುಂಡಿ ಎಣಿಸಬಹುದಿತ್ತು.

ಹೇಗೆ ಇಳಿಸಿದಳೋ ಅವಳಿಗೇ ಗೊತ್ತು. ಗಾಳಿ ತಗ್ಗಿದ ಮೇಲೆ ನನ್ನವಳನ್ನು ದೋಣಿಯಲ್ಲಿ ಒಯ್ದೆವು, ಆಸ್ಪತ್ರೆಯವರು ಒಂದು ಮೊಳ ಕರುಳು ಕತ್ತರಿಸಿ ಉಳಿಸಿಕೊಟ್ಟರು. ಮೊದಲೇ ಬಂದಿದ್ದರೆ ಕತ್ತರಿಸಬೇಕಿರಲಿಲ್ಲ ಎಂದರು. ಈಗ ಯಾರಾದರೂ ವಿಮಾನದ ಸುದ್ದಿ ಎತ್ತಿದರೆ ಅವಳು, ಇನ್ನೊಂದು ಸಲ ಹತ್ತಿಸೋದಾದ್ರೆ ಮೊದಲು ಈಜು ಕಲಿಸ್ರಪ್ಪ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಪೈಲಟ್ ಹುಡುಗಿ ನಗುವುದಿಲ್ಲ.

ನಿಮ್ಮ ತನಿಖೆ ಏನು ಹೇಳಿತು? ಮುಂದಿನ ಸೋಮವಾರ ಎಂಜಿನ್ ಎಂದಿನಂತೆ ಹತ್ತು ನಿಮಿಷ ನಡೆಯಿತು. ಆದ್ದರಿಂದ ಎಂಜಿನ್ ಸುಸ್ಥಿತಿಯಲ್ಲಿದೆ. ಆದ್ದರಿಂದ ಘಟನೆಗೆ ಪೈಲಟ್ ಅವರ ಅತಿಯಾದ ಆತಂಕವೇ ಕಾರಣ. ಹೊರೆ ಹೊತ್ತು ಕುಸಿದವನನ್ನು ಕುರ್ಚಿಯಲ್ಲಿ ಕೂರಿಸಿ, ನೋಡಿ, ಎಷ್ಟು ಆರಾಮವಾಗಿದ್ದಾನೆ ಎಂದಂತಾಯಿತು.

ಅದಾದ ಮೇಲೆ ಹ್ಯಾಂಗರಿನ ಮೆಕ್ಯಾನಿಕ್ ತಡೆಯಲಾರದೆ ಆಯಿಲ್ ಫಿಲ್ಟರನ್ನು ಬಿಚ್ಚಿ, ಅದರ ಡಬ್ಬಿಯನ್ನು ಕತ್ತರಿಸಿದ. ಊರೆಲ್ಲ ಅವನನ್ನು ಬಾಯಿಬಡುಕ ಎನ್ನುತ್ತದೆ, ಅವನೂ ಹೌದೆನ್ನುತ್ತಾನೆ. ಅಂದು ಮಾತ್ರ ಬಾಯಿಗಿಂತ ಮೊದಲು ಕೈ ಓಡಿತು. ಒಳಗಿನ ಕಾಗದದ ಮಡಿಕೆಗಳನ್ನು ಬೆಂಚಿನ ಮೇಲೆ ಬಿಡಿಸಿ ಬಿಸಿಲಿಗೆ ಹಿಡಿದ. ಕಪ್ಪು ಆಯಿಲಿನಲ್ಲಿ ಮೀನಿನ ಪೊರೆಯಂಥ ಚೂರುಗಳು ಮಿರುಗುತ್ತಿದ್ದವು. ಅಯಸ್ಕಾಂತ ಹಿಡಿದರೆ ಎದ್ದು ಬಂದು ಅಂಟಿಕೊಂಡವು. ಉಕ್ಕು. ಏನಪ್ಪಾ ಇದು ಎಂದೆ.

“ತುಕ್ಕು ಹಿಡಿದ ಕ್ಯಾಮು ಅಣ್ಣಾ, ತೇದು ತೇದು ಚಕ್ಕೆ ಏಳ್ತಾ ಇದೆ,” ಎಂದ. “ಎಂಜಿನ್ನು ತನ್ನನ್ನ ತಾನೇ ತಿಂತಾ ಇದೆ. ಹೊಟ್ಟೆ ತುಂಬಿದ ದಿನ ನಿಲ್ಲುತ್ತೆ.”

ಆ ಚೂರುಗಳನ್ನು ಗಾಜಿನ ಸೀಸೆಯಲ್ಲಿ ಹಾಕಿ ತಮ್ಮ ಮೇಜಿನ ಮೇಲಿಟ್ಟೆವು. ಸಿಲಿಂಡರ್ ಒಂದನ್ನು ಬಿಚ್ಚಿ ಕ್ಯಾಮ್ ನೋಡಲು ಅಪ್ಪಣೆ ಕೊಡಿ ಎಂದು ಹುಡುಗಿ ಕೇಳಿದಳು. ನೀವು ಸೀಸೆಯನ್ನು ಬೆರಳ ತುದಿಯಿಂದ ನಮ್ಮ ಕಡೆ ತಳ್ಳಿದಿರಿ. “ನಡೀತಿರೋ ಎಂಜಿನ್ನ ಯಾರಾದ್ರೂ ಬಿಚ್ತಾರೇನಮ್ಮ?” ಎಂದಿರಿ. ಅಪ್ಪಣೆಯಿಲ್ಲದೆ ಫಿಲ್ಟರ್ ಕತ್ತರಿಸಿದ ಮೆಕ್ಯಾನಿಕ್ ಅಮಾನತ್ತಾದ. ಹಾರಲಾರೆ ಎಂದ ಪೈಲಟ್‌ಗೆ ಅಶಿಸ್ತಿನ ನೋಟಿಸು ಬಂತು. ವಿಮಾನದ ಹೊರಮೈಗೆ ಹೊಸ ಬಣ್ಣ ಬಂತು. ಹೆಣಕ್ಕೆ ಸಿಂಗಾರ ಮಾಡುವುದರಲ್ಲಿ ತಮ್ಮದು ಎತ್ತಿದ ಕೈ.

ಈಗ ಕೇಳುತ್ತಿರುವ ಸುದ್ದಿ ಇದು. ಈ ವಾರ ಕಳೆದರೆ ಕಡಲು ಕೆರಳುತ್ತದೆ, ದೋಣಿಗಳನ್ನು ಮೇಲಕ್ಕೆಳೆಯುತ್ತಾರೆ, ಆಚೆ ದಡಕ್ಕೆ ನಮಗಿರುವುದು ಈ ವಿಮಾನವೊಂದೇ. ನೀವು ದೂರದಿಂದ ಹೊಸ ಪೈಲಟ್ ಒಬ್ಬನನ್ನು ಕರೆಸಿದ್ದೀರಂತೆ. ಪಾಪದ ಹುಡುಗ, ಫಿಲ್ಟರಿನ ಕತೆ ಅವನಿಗೆ ಯಾರೂ ಹೇಳಿಲ್ಲ. ಮೊದಲ ರೋಗಿ ಯಾರೆಂದೂ ಗೊತ್ತಾಗಿದೆ: ಹೆರಿಗೆ ಕಷ್ಟವೆಂದು ಡಾಕ್ಟರು ಹೇಳಿರುವ ನಮ್ಮ ದೀಪಸ್ತಂಭದ ನೌಕರನ ಹೆಂಡತಿ. ನಮ್ಮಕ್ಕನ ಮಗಳು ಇದನ್ನು ಕೇಳಿದವಳು ತಟ್ಟೆ ಸರಿಸಿ ಎದ್ದಳು. ನೋಟಿಸು ಹರಿದುಹಾಕಿ, ಹಾರಲೇಬೇಕಾದರೆ ತಾನೇ ಹಾರಿಸುತ್ತೇನೆ ಎಂದಳು. ಎಂಜಿನ್ ಎಲ್ಲಿ ಕೈಕೊಡುತ್ತದೆ ಎಂದು ತನಗಾದರೂ ಅಂದಾಜಿದೆಯಂತೆ. ನಮ್ಮಕ್ಕ ಅಂದಿನಿಂದ ಮಗಳ ಜೊತೆ ಮಾತು ಬಿಟ್ಟಿದ್ದಾಳೆ, ಅವಳ ಬೂಟುಗಳನ್ನು ಬಚ್ಚಿಟ್ಟಿದ್ದಾಳೆ. ಬೂಟು ಬಚ್ಚಿಟ್ಟರೆ ನಿಲ್ಲುವ ಹುಡುಗಿಯೇ ಅವಳು? ನಿರ್ದೇಶಕರೇ, ಒಬ್ಬ ತಾಯಿ ಬೂಟು ಬಚ್ಚಿಟ್ಟು ಮಾಡಬೇಕಾದ ಕೆಲಸವನ್ನು ನೀವು ಒಂದು ಸಹಿಯಿಂದ ಮಾಡಬಹುದು.

ಬೇಡಿಕೆ ಇಷ್ಟೇ. ಕ್ಯಾಮ್ ಶಾಫ್ಟನ್ನು ಕಣ್ಣಾರೆ ಕಾಣುವವರೆಗೆ ಆ ವಿಮಾನ ಯಾರನ್ನೂ ಹೊತ್ತು ನೆಲ ಬಿಡಕೂಡದು. ಸಿಲಿಂಡರ್ ಬಿಚ್ಚಲು ಇಂದೇ ಅಪ್ಪಣೆ ಆಗಬೇಕು, ಮೆಕ್ಯಾನಿಕ್ ಕೆಲಸಕ್ಕೆ ಮರಳಬೇಕು. ಬಸುರಿಯನ್ನು ದೋಣಿ ನಿಲ್ಲುವ ಮೊದಲೇ ಆಚೆ ದಡಕ್ಕೆ ಕಳಿಸಿ, ಅಲ್ಲಿ ಇರಿಸಿಕೊಳ್ಳುವ ವ್ಯವಸ್ಥೆ ಇಲಾಖೆಯದು. ಮಳೆಗಾಲಕ್ಕೆ ಬೇರೊಂದು ವಿಮಾನ ಬರಬೇಕು. ಅದನ್ನು ವಾರವಾರವೂ ಹಾರಿಸಿ. ಹಾರಿಸಲಾರಿರಾದರೆ ಒಳಗೆ ತುಕ್ಕು ತಡೆವ ಆಯಿಲ್ ತುಂಬಿ, ತೇವ ನುಗ್ಗುವ ಬಾಯಿಗಳನ್ನೆಲ್ಲ ಮುಚ್ಚಿ ಸರಿಯಾಗಿ ಮಲಗಿಸಿ. ಹಾರಿಸಿ, ಇಲ್ಲವೇ ಮಲಗಿಸಿ. ಎರಡರ ನಡುವೆ ಕೆಣಕುವ ಆಟ ಸಾಕು.

ಅಪ್ಪಣೆ ಬಾರದಿದ್ದರೆ ರನ್‌ವೇ ಮೇಲೆ ನಾವು ಮಲಗುತ್ತೇವೆ. ನಮ್ಮವರನ್ನು ನೀರಿನಲ್ಲಿ ಹುಡುಕುವುದಕ್ಕಿಂತ ಅದು ಸುಲಭ.

ಇಂತಿ,
ತಮ್ಮ ವಿಮಾನ ಹತ್ತಿಯೂ ಇನ್ನೂ ಪತ್ರ ಬರೆಯುವ ಸ್ಥಿತಿಯಲ್ಲಿ ಉಳಿದು ತಮಗೆ ತೊಂದರೆ ಕೊಡುತ್ತಿರುವ,
ಪೈಲಟ್ ಹುಡುಗಿಯ ಸೋದರಮಾವ

ದ್ವೀಪದ ಎಲ್ಲ ಮನೆಯವರಿಗೂ: ಸಭೆ ಬರುವ ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆಗೆ, ರನ್‌ವೇಯ ಕಡಲ ಕಡೆಯ ತುದಿಯಲ್ಲಿ.