ಕೋಳಿಗೆಂದು ತರಿಸಿದ ಅಗಸೆ ಬೀಜ

ತಾಯಲೂರು
14-9-1984

ಪ್ರೀತಿಯ ತಂಗಿ ಭಾರತಿಗೆ, ಅಕ್ಕ ಶ್ಯಾಮಲ ಮಾಡುವ ಆಶೀರ್ವಾದ.

ಮಾಲೂರಿನ ಗ್ರಂದಿಗೆ ಅಂಗಡಿಯಿಂದ ನೀನು ತೆಗೆದು ಬಸ್ಸಿನಲ್ಲಿ ಕೊಟ್ಟು ಕಳಿಸಿದ ಒಂದು ಕೆ.ಜಿ. ಅಗಸೆ ಬೀಜ ಹೋದ ತಿಂಗಳು ಹತ್ತಕ್ಕೆ ಕೈಸೇರಿತು. ಈಗ ಮುಗಿದಿದೆ. ಇನ್ನೂ ಒಂದು ಕೆ.ಜಿ. ಕಳಿಸು. ದನಕ್ಕೆ ಸೊಪ್ಪು ಕತ್ತರಿಸುವ ಅಗಸೆ ಮರದ್ದಲ್ಲ, ಎಣ್ಣೆ ತೆಗೆಯುವ ಸಣ್ಣ ಕಂದು ಬೀಜ ಎಂದು ಅಂಗಡಿಯವರಿಗೆ ಮತ್ತೆ ಹೇಳು.

ಇಷ್ಟೆಲ್ಲ ಯಾಕೆ ಎಂದು ನೀನು ಕೇಳಲಿಲ್ಲ. ನಾನೂ ಸರಿಯಾಗಿ ಬರೆದಿರಲಿಲ್ಲ. ನಮ್ಮ ಅನಸೂಯ ಮದುವೆಯಾಗಿ ಶ್ರೀನಿವಾಸಪುರಕ್ಕೆ ಹೊರಟ ದಿನ ತಾನು ಸಾಕಿದ ಎರಡು ಕೋಳಿಗಳ ಕಾಲಿಗೆ ಹಸಿರು ದಾರ ಕಟ್ಟಿ, ಯಾವ ಹಬ್ಬ ಬಂದರೂ ಇವನ್ನು ಕುಯ್ಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಕೆಂಪಿ, ಬೂದಿ ಎಂದು ಅವಳೇ ಇಟ್ಟ ಹೆಸರು. ನಮ್ಮ ಮನೆಗಳಲ್ಲಿ ಯಾವ ಕೋಳಿ ಆರು ವರ್ಷ ಬದುಕಿದೆ ಹೇಳು? ಅದಕ್ಕೇ ಈ ಕಾಯಿಲೆಯನ್ನು ನಾವು ಕಂಡವರಲ್ಲ.

ಆಷಾಢದಲ್ಲಿ ಕೆಂಪಿಯ ಹೊಟ್ಟೆ ಊದಿತು. ಮೊಟ್ಟೆ ಕಟ್ಟಿಕೊಂಡಿದೆ ಎಂದುಕೊಂಡು ಹರಳೆಣ್ಣೆ ಕುಡಿಸಿದೆ. ಹತ್ತು ದಿನಕ್ಕೆ ಸತ್ತಿತು. ಶಾಲೆಗೆ ರಜೆ ಹಾಕಿ, ಬುಟ್ಟಿಯಲ್ಲಿಟ್ಟು ಮುಳಬಾಗಿಲಿನ ದನದ ಡಾಕ್ಟರ ಬಳಿಗೆ ಒಯ್ದೆ. "ಸತ್ತ ಕೋಳಿನ ಬಸ್ಸಲ್ಲಿ ತಂದಿದೀರಲ್ಲ ಮೇಡಂ, ಟಿಕೆಟ್ ತಗೊಂಡ್ರಾ?" ಎಂದು ನಗುತ್ತಲೇ ಅವರು ಅದನ್ನು ಕೊಯ್ದು ತೋರಿಸಿದರು. ಮೊದಲು ಹಳದಿ ನೀರು ಬಂತು. ಮೊಟ್ಟೆ ಹುಟ್ಟುವ ಜಾಗದಲ್ಲಿ ಹೂಕೋಸಿನ ತುಂಡಿನಂಥ ಗಡ್ಡೆ. ಕ್ಯಾನ್ಸರ್ ಎಂದರು. ಬೂದಿಗೂ ಬರುತ್ತದೆಯೇ ಎಂದು ಕೇಳಿದೆ. "ಒಂದೇ ಕಾವಿನ ಮರಿಗಳು ಅಂತೀರ, ಬಂದ್ರೂ ಬರಬಹುದು. ಸೊಪ್ಪು ಹಾಕಿ, ಒಂದು ಚಮಚ ಅಗಸೆ ಬೀಜ ಕುಟ್ಟಿ ಹಾಕಿ. ತಡೀಬಹುದೇನೋ, ಖಾತ್ರಿ ಹೇಳೋಕಾಗಲ್ಲ" ಎಂದರು.

ಬೀಜ ಬಂದ ದಿನದಿಂದ ಬೂದಿಗೆ ದಿನವೂ ರಾಗಿಯಲ್ಲಿ ಒಂದು ಚಮಚ ಅಗಸೆ ಪುಡಿ, ಸಂಜೆಗೆ ನುಗ್ಗೆ ಸೊಪ್ಪು. ಬೆಳಿಗ್ಗೆ ಗೂಡಿನಿಂದ ಬಿಡುವ ಮೊದಲು ಅದರ ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ನೋಡುತ್ತೇನೆ. ಮೆತ್ತಗೇ ಇದೆ. ನಿನ್ನ ಭಾವನಿಗೆ ತಮಾಷೆ. "ಕೋಳಿಗೆ ಅಗಸೆ, ನಂಗೆ ಬರೀ ಮುದ್ದೆ. ಮುಂದಿನ ಜನ್ಮಕ್ಕೆ ಪುಕ್ಕ ಕಟ್ಕೊಂಡು ಬರ್ತೀನಿ ಕಣೇ" ಎನ್ನುತ್ತಾರೆ.

ಅನಸೂಯಳಿಗೆ ಈಗ ಐದು ತುಂಬಿದೆ. ದಸರಾ ಕಳೆದ ಮೇಲೆ ಚೊಚ್ಚಲ ಬಾಣಂತನಕ್ಕೆ ಕರೆತರಬೇಕು. ಬಾಣಂತಿ ಕೋಣೆಗೆ ಸುಣ್ಣ ಬಳಿಸಿದ್ದೇನೆ. ಕೆಂಪಿ ಹೋದದ್ದನ್ನು ಅವಳಿಗೆ ತಿಳಿಸಿಲ್ಲ. ನೀನೂ ಬರೆಯಬೇಡ. ಅವಳ ಹೆರಿಗೆಯವರೆಗಾದರೂ ಬೂದಿ ಗಟ್ಟಿಯಾಗಿರಬೇಕು, ಅಷ್ಟೇ ನನ್ನ ಆಸೆ.

ಪಕ್ಕದ ಮನೆಯ ಅಕ್ಕಯಮ್ಮ ನಿನಗೆ ನೆನಪಿರಬೇಕು. ಮೊನ್ನೆ ನಲ್ಲಿಯ ಹತ್ತಿರ ಎಲ್ಲರ ಎದುರಿಗೆ, "ಏನೇ ಶಾಮಲಾ, ಮಗಳಿಗಿಂತ ಮುಂದೆ ನೀನೇ ಹೆರೋ ಹಂಗಿದೀಯಲ್ಲೇ! ನಲವತ್ತೆಂಟಕ್ಕೆ ನಾಚಿಕೆ ಬ್ಯಾಡ್ವಾ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ವಯಸ್ಸಿಗೆ ಮೈ ಬರುತ್ತದೆ. ಈಗ ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿ ಸೆರಗು ಹೊದ್ದೇ ಶಾಲೆಗೆ ಹೋಗುತ್ತೇನೆ.

ನಿನ್ನ ಮಂಡಿ ನೋವು ಹೇಗಿದೆ? ಬೀಜವನ್ನು ಮುಂದಿನ ಶುಕ್ರವಾರದೊಳಗೆ ಕಳಿಸಿದರೆ ಅನುಕೂಲ.

ನಿನ್ನ ಅಕ್ಕ,
ಶ್ಯಾಮಲ

ವಿ.ಸೂ.: ಕಾಗದ ಮಡಿಸಿ, ಮತ್ತೆ ಬಿಚ್ಚಿದ್ದೇನೆ. ಲೆಕ್ಕದಲ್ಲಿ ನೀನು ನನಗಿಂತ ಚುರುಕು. ದಿನಕ್ಕೆ ಒಂದು ಚಮಚದಂತೆ ಒಂದು ಕೋಳಿಗೆ ಒಂದು ಕೆ.ಜಿ. ಆರು ತಿಂಗಳು ಬರುತ್ತದೆ ಎಂದು ನಿನಗೆ ಹೊಳೆಯದೆ ಇರುವುದಿಲ್ಲ. ಉಳಿದದ್ದನ್ನು ತಿಂದವಳು ನಾನು. ಹೊತ್ತಿಗೆರಡು ಚಮಚ, ಮಜ್ಜಿಗೆಯಲ್ಲಿ. ಯುಗಾದಿಯಿಂದ ನನ್ನ ಹೊಟ್ಟೆಯೂ ಊದುತ್ತಿದೆ, ಎಡಗಡೆ ಒತ್ತಿದರೆ ಗಟ್ಟಿಯಾಗಿ ಸಿಗುತ್ತದೆ. ನಮ್ಮ ಅಮ್ಮನಿಗೂ ಹೀಗೇ ಆಗಿತ್ತಲ್ಲ, ನೀರು ತುಂಬಿದೆ ಎಂದು ದೊಡ್ಡವರು ಹೇಳುತ್ತಿದ್ದರು. ಬಾಣಂತನ ಮುಗಿಯುವವರೆಗೆ ತಡೆದರೆ ಸಾಕು, ಆಮೇಲೆ ಆಸ್ಪತ್ರೆಗೆ ಹೋಗೋಣ ಎಂದುಕೊಂಡಿದ್ದೆ. ನಿನ್ನ ಭಾವನಿಗೂ ಹೇಳಿಲ್ಲ.

ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಮೇಲೆ ಬರೆದಿದ್ದೇನೆ. ಇನ್ನರ್ಧ ಇದು: "ಇದೆಲ್ಲ ಬರೋಕೆ ಮುಂಚೆ ಮೇಡಂ. ಬಂದ ಮೇಲೆ ಯಾವ ಬೀಜಾನೂ ಕರಗಿಸಲ್ಲ." ಅದನ್ನು ಅಂದೇ ಸ್ಪಷ್ಟವಾಗಿ ಕೇಳಿಸಿಕೊಂಡೆ. ಆದರೂ ಮನೆಗೆ ಬಂದು ಬೀಜಕ್ಕೆ ನಿನಗೆ ಬರೆದೆ.

ಅನಸೂಯಳನ್ನು ನಿಮ್ಮ ಮನೆಗೆ ಕರೆದುಕೊಂಡು ಬಾಣಂತನ ಮಾಡುತ್ತೀಯಾ? ಬೂದಿಯನ್ನೂ ಕಳಿಸಿಕೊಡುತ್ತೇನೆ, ಅದು ಚೆನ್ನಾಗಿದೆ. ಬೀಜ ಕಳಿಸಬೇಡ ಭಾರತಿ. ನೀನೇ ಬಾ, ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗು.